ಗೆದ್ದವರು ಯಾರು?

೨೦೨೫ರ ಚೌತಿಯ ಮರುದಿನ, ಎಂದರೆ ಆಗಸ್ಟ್ ೨೮ರಂದು, ನಮ್ಮ ಮನೆಯಲ್ಲಿ ಒಂದು ಸಣ್ಣ ವಾದ ಹುಟ್ಟಿಕೊಂಡಿತು. ಹಬ್ಬಕ್ಕೆ ಬಂದ ನೆಂಟರು ಇನ್ನೂ ಹೊರಟಿರಲಿಲ್ಲ. ದೊಡ್ಡವರೆಲ್ಲ ಉಳಿದ ಚಕ್ಕುಲಿಯ ತಟ್ಟೆಯನ್ನು ನಡುವೆ ಇಟ್ಟುಕೊಂಡು ಚಾವಡಿಯಲ್ಲಿ ಕುಳಿತಿದ್ದೆವು. ಮೂಲೆಯಲ್ಲಿ ಮೊಬೈಲಿನ ಮೇಲೆ ಬಾಗಿಕೊಂಡಿದ್ದ ಅಕ್ಕನ ಮೊಮ್ಮಗ, ಹದಿನಾಲ್ಕು ವರ್ಷದ ಹುಡುಗ, ಇದ್ದಕ್ಕಿದ್ದಂತೆ ಎದ್ದು ನಿಂತು, “ನಾವು ಗೆದ್ದೆವು!” ಎಂದು ಕೂಗಿದ.

ನನ್ನ ಭಾವನವರಿಗೆ, ಎಂದರೆ ಅವನ ಅಜ್ಜನಿಗೆ, ಯಾರಾದರೂ ಸಂತೋಷದಿಂದ ಕೂಗಿದರೆ ಒಂದು ಪ್ರಶ್ನೆ ಕೇಳದೆ ಇರಲು ಆಗುವುದಿಲ್ಲ. “ಯಾರು ಮಗಾ ಗೆದ್ದದ್ದು?” ಎಂದರು.

“ಮಂಗಳೂರು, ಅಜ್ಜ. ಮಹಾರಾಜ ಟ್ರೋಫಿ. ಫೈನಲಿನಲ್ಲಿ ಹುಬ್ಬಳ್ಳಿಗೆ ಸೋಲು.”

“ಆಟ ಎಲ್ಲಿ ಆದದ್ದು?”

“ಮೈಸೂರಿನಲ್ಲಿ.”

“ಆಡಿದವರೆಲ್ಲ ನಮ್ಮ ಊರಿನವರೋ?”

ಹುಡುಗ ತಡವರಿಸಿದ. “ಎಲ್ಲರೂ ಅಲ್ಲ. ಹರಾಜಿನಲ್ಲಿ ತೆಗೆದುಕೊಂಡದ್ದು.”

“ನೋಡುವವರು ಹೋಗಿದ್ದರೋ?”

“ಇಲ್ಲ ಅಜ್ಜ, ಈ ಸಲ ಜನರನ್ನು ಒಳಗೆ ಬಿಡುವುದಿಲ್ಲ ಅಂತ ಮೊದಲೇ ಹೇಳಿದ್ದರು.”

ಭಾವನವರು ಚಕ್ಕುಲಿ ಮುರಿಯುತ್ತ ನಕ್ಕರು. “ಆಟ ಮೈಸೂರಿನದ್ದು, ಆಟಗಾರರು ಹರಾಜಿನವರು, ನೋಡುವವರು ಯಾರೂ ಇಲ್ಲ. ಹಾಗಾದರೆ ಗೆದ್ದದ್ದು ನಾವು ಹೇಗೆ ಮಾರಾಯ? ನಿನ್ನ ಈ ‘ನಾವು’ ‘ನಮ’ವೋ, ‘ಎಂಕುಳು’ವೋ?”

ಎಲ್ಲರೂ ನಕ್ಕರು. ಹುಡುಗನ ಮುಖ ಸಣ್ಣದಾಯಿತು; ಮೊಬೈಲನ್ನು ಕಿಸೆಗೆ ಹಾಕಿಕೊಂಡು ಒಳಗೆ ಹೋದ. ನಾನೂ ನಕ್ಕವರಲ್ಲಿ ಒಬ್ಬ. ಆದರೆ ಅಂದು ಮಲಗಿದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ಹುಡುಗನಿಗೆ ಮಾತ್ರ ಹಾಕಿದ ಪ್ರಶ್ನೆಯಲ್ಲ ಎಂದು ಕಾಣತೊಡಗಿತು.

ತುಳು ಬಾರದ ವಾಚಕರಿಗೆ ಭಾವನವರ ಮಾತಿನ ಮರ್ಮವನ್ನು ಬಿಡಿಸಿ ಹೇಳಬೇಕು. ಕನ್ನಡದಲ್ಲಿ ‘ನಾವು’ ಎಂಬ ಒಂದೇ ಮಾತಿದೆ. ತುಳುವಿನಲ್ಲಿ ಎರಡುಂಟು. ಎದುರಿಗೆ ಇರುವ ನಿಮ್ಮನ್ನೂ ಕೂಡಿಸಿಕೊಂಡು ಹೇಳುವ ‘ನಾವು’ ಎಂದರೆ ‘ನಮ’. ನಿಮ್ಮನ್ನು ಬಿಟ್ಟು, ನಮ್ಮಷ್ಟಕ್ಕೆ ನಾವು ಎನ್ನುವಾಗ ‘ಎಂಕುಳು’. “ಮದುವೆಗೆ ನಾವು ಹೋಗುತ್ತೇವೆ” ಎಂದು ಕನ್ನಡದಲ್ಲಿ ಹೇಳಿದರೆ, ಕೇಳಿದವನು ತಾನೂ ಅಂಗಿ ಹಾಕಿಕೊಳ್ಳಬೇಕೋ ಬೇಡವೋ ಎಂದು ಸಂಶಯಪಡಬಹುದು. ತುಳುವಿನಲ್ಲಿ ಆ ಸಂಶಯಕ್ಕೆ ಎಡೆಯಿಲ್ಲ. ಬಾಯಿ ತೆರೆಯುವ ಮೊದಲೇ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕಾಗುತ್ತದೆ. ಈ ಊರಿನ ಭಾಷೆ ನಮ್ಮಿಂದ ಹೀಗೊಂದು ಲೆಕ್ಕವನ್ನು ದಿನಕ್ಕೆ ನೂರು ಸಲ ಮಾಡಿಸುತ್ತದೆ. ಒಂದು ಆಟದ ತಂಡದ ವಿಷಯದಲ್ಲಿ ಮಾತ್ರ ಆ ಲೆಕ್ಕವನ್ನು ನಾವು ಎಂದಾದರೂ ಮಾಡಿದ್ದೇವೆಯೆ?

ಮೊದಲು ತಂಡದ ಚರಿತ್ರೆಯನ್ನು ಋತುವಿನಿಂದ ಋತುವಿಗೆ ನೋಡೋಣ. ೨೦೦೯ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಕರ್ನಾಟಕ ಪ್ರೀಮಿಯರ್ ಲೀಗ್ ಎಂಬ ಇಪ್ಪತ್ತು ಓವರುಗಳ ಪಂದ್ಯಾವಳಿಯನ್ನು ಶುರುಮಾಡಿತು. ಊರುಗಳ ಹೆಸರು ಹೊತ್ತ ತಂಡಗಳು. ಅವಕ್ಕೆ ಹಣ ಹಾಕಿದ ಮಾಲೀಕರು. ಅವುಗಳಲ್ಲಿ ‘ಮಂಗಳೂರು ಯುನೈಟೆಡ್’ ಒಂದು. ಕೆಲವು ವರ್ಷ ನಡೆದು, ೨೦೧೨ ಮತ್ತು ೨೦೧೩ರಲ್ಲಿ ಲೀಗೇ ನಿಂತಿತು. ೨೦೧೪ರಲ್ಲಿ ಮತ್ತೆ ಹೊರಟಾಗ ಮಂಗಳೂರಿನ ಹೆಸರೂ ಮತ್ತೆ ಕಾಣಿಸಿಕೊಂಡಿತು. ೨೦೧೮, ೨೦೧೯ರ ಹೊತ್ತಿಗೆ ಏಳು ತಂಡಗಳು ಆಡುತ್ತಿದ್ದವು. ಬಳ್ಳಾರಿ ಇತ್ತು, ಬಿಜಾಪುರ ಇತ್ತು, ಬೆಳಗಾವಿ ಇತ್ತು, ಮಂಗಳೂರು ಇರಲಿಲ್ಲ. ನಮ್ಮ ತಂಡ ಇಲ್ಲವಾಯಿತೆಂದು ಹಂಪನಕಟ್ಟೆಯಲ್ಲಿ ಯಾರೂ ಕಣ್ಣೀರು ಹಾಕಿದ್ದನ್ನು ನಾನು ಕಾಣೆ. ನಿಜ ಹೇಳಬೇಕೆಂದರೆ, ಅದು ಇಲ್ಲವಾದದ್ದೇ ನನಗೆ ಗೊತ್ತಿರಲಿಲ್ಲ.

೨೦೧೯ರ ಋತುವಿನ ಬಳಿಕ ಲೀಗಿನ ಮೇಲೆ ಕತ್ತಲೆ ಕವಿಯಿತು. ಅದರ ಮಾತು ಮುಂದೆ ಬರುತ್ತದೆ. ೨೦೨೦, ೨೦೨೧ರಲ್ಲಿ ಆಟವಿಲ್ಲ. ೨೦೨೨ರಲ್ಲಿ ಸಂಸ್ಥೆ ಹೊಸದಾಗಿ ಮಹಾರಾಜ ಟ್ರೋಫಿಯನ್ನು ಆರಂಭಿಸಿತು; ಸಂಸ್ಥೆಯ ಅಧ್ಯಕ್ಷರಾಗಿದ್ದು ೨೦೧೩ರಲ್ಲಿ ತೀರಿಕೊಂಡ ಶ್ರೀಕಂಠದತ್ತ ನರಸಿಂಹರಾಜ ಒಡೆಯರ ನೆನಪಿಗೆ ಆ ಹೆಸರು. ಆರು ತಂಡಗಳು: ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಕಲಬುರಗಿ, ಶಿವಮೊಗ್ಗ, ಮಂಗಳೂರು. ಆ ವರ್ಷ ನಮ್ಮದು ‘ಮಂಗಳೂರು ಯುನೈಟೆಡ್’. ಮರುವರ್ಷದಿಂದ ‘ಮಂಗಳೂರು ಡ್ರಾಗನ್ಸ್’. ೨೦೨೨ರ ಫೈನಲಿನಲ್ಲಿ ಬೆಂಗಳೂರನ್ನು ಸೋಲಿಸಿ ಕಲಬುರಗಿ ಗೆದ್ದಿತು. ೨೦೨೩ರಲ್ಲಿ ಮೈಸೂರನ್ನು ಸೋಲಿಸಿ ಹುಬ್ಬಳ್ಳಿ. ೨೦೨೪ರಲ್ಲಿ ಬೆಂಗಳೂರನ್ನು ಸೋಲಿಸಿ ಮೈಸೂರು. ಮೂರು ವರ್ಷವೂ ಕೊನೆಯ ಪಂದ್ಯದಲ್ಲಿ ನಮ್ಮ ಹೆಸರಿಲ್ಲ. ನಾಲ್ಕನೆಯ ವರ್ಷ ಹುಬ್ಬಳ್ಳಿಯವರು ಎಂಟು ವಿಕೆಟಿಗೆ ೧೫೪ ಓಟ ಮಾಡಿದರು, ಮಂಗಳೂರು ೧೦.೪ ಓವರುಗಳಲ್ಲಿ ಎರಡು ವಿಕೆಟಿಗೆ ೮೫ ಮಾಡಿದ್ದಾಗ ಮಳೆ ಬಂದು ಆಟ ನಿಂತಿತು. ಕೇರಳದ ಎಂಜಿನಿಯರ್ ವಿ. ಜಯದೇವನ್ ಅವರು ರೂಪಿಸಿದ ಲೆಕ್ಕಾಚಾರದ ಪ್ರಕಾರ ಮಂಗಳೂರು ೧೪ ಓಟ ಮುಂದಿತ್ತು. ಹುಡುಗ ಕೂಗಿದ್ದು ಆಗ.

ಈ ನಾಲ್ಕು ಋತುಗಳ ಎಲ್ಲ ಪಂದ್ಯಗಳೂ ನಡೆದದ್ದು ಬೆಂಗಳೂರು, ಮೈಸೂರುಗಳಲ್ಲಿ. ಮಂಗಳೂರಿನ ತಂಡ ಮಂಗಳೂರಿನಲ್ಲಿ ಒಂದು ಪಂದ್ಯವನ್ನೂ ಆಡಿಲ್ಲ. ಮಾಲೀಕರು ಬದಲಾಗಬಹುದು, ಆಟಗಾರರು ಹರಾಜಿನಿಂದ ಹರಾಜಿಗೆ ಬದಲಾಗುತ್ತಾರೆ. ಹೆಸರಿನ ಅರ್ಧವೂ ಬದಲಾಯಿತು. ನಡುವೆ ವರ್ಷಗಟ್ಟಲೆ ತಂಡವೇ ಇರಲಿಲ್ಲ. ಹಾಗಾದರೆ ಯಾವುದರ ಚರಿತ್ರೆಯನ್ನು ಬರೆದಂತಾಯಿತು?

ಈ ಪ್ರಶ್ನೆ ಹೊಸದಲ್ಲ. ಮಿಲಿಂದ ಎಂಬ ಯವನ ರಾಜನೂ ನಾಗಸೇನನೆಂಬ ಭಿಕ್ಷುವೂ ಮಾತಾಡಿದ ಪ್ರಸಂಗ ಪಾಲಿ ಗ್ರಂಥವೊಂದರಲ್ಲಿದೆ. ನೀನು ಬಂದ ರಥ ಯಾವುದು ಎಂದು ಭಿಕ್ಷು ಕೇಳುತ್ತಾನೆ. ಅಚ್ಚೇ ರಥವೆ? ಅಲ್ಲ. ಚಕ್ರವೆ? ಅಲ್ಲ. ನೊಗವೆ? ಅದೂ ಅಲ್ಲ. ಹಾಗೆಂದು ಇವುಗಳ ಹೊರಗೆ ಬೇರೊಂದು ರಥವಿದೆಯೆ ಎಂದರೆ ಅದೂ ಇಲ್ಲ. ಇವೆಲ್ಲ ಒಂದು ರೀತಿಯಲ್ಲಿ ಕೂಡಿರುವಾಗ ರಥವೆಂದು ವ್ಯವಹರಿಸುತ್ತೇವೆ, ಅಷ್ಟೆ. ನಾಗಸೇನನ ಈ ಮಾತನ್ನು ತಂಡಕ್ಕೆ ಹಚ್ಚಿದರೆ ಭಾವನವರ ಪಕ್ಷವೇ ಗೆದ್ದಂತಾಗುತ್ತದೆ: ಮಂಗಳೂರು ತಂಡ ಎಂಬುದು ಬರಿಯ ವ್ಯವಹಾರದ ಹೆಸರು. ಆದರೆ ರಥದಲ್ಲಿ ಕುಳಿತವನು ಅದಕ್ಕಾಗಿ ಸಂತೋಷಪಡುವುದಿಲ್ಲ, ಅದು ಸೋತಿತೆಂದು ಊಟ ಬಿಡುವುದಿಲ್ಲ. ತಂಡದ ಹೆಸರಿಗೆ ಹಾಗೆ ಮಾಡುವವರು ಇದ್ದಾರೆ. ಆದುದರಿಂದ ಬೇರೊಂದು ಹೋಲಿಕೆಯನ್ನು ಹುಡುಕಬೇಕು.

ಅದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಜಿಲ್ಲೆಯ ಯಕ್ಷಗಾನ ಮೇಳಗಳನ್ನು ನೋಡಿ. ಮಳೆಗಾಲ ಕಳೆದ ಮೇಲೆ ಗೆಜ್ಜೆ ಕಟ್ಟಿ ಹೊರಟ ಮೇಳ ಬೇಸಗೆಯ ಕೊನೆಗೆ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುತ್ತದೆ. ಅದು ಅದರ ಋತು. ನಾವು ಅದನ್ನು ತಿರುಗಾಟ ಎನ್ನುತ್ತೇವೆ. ಈ ತಿರುಗಾಟದಲ್ಲಿ ಇಲ್ಲಿ ವೇಷ ಮಾಡಿದ ಕಲಾವಿದ ಬರುವ ತಿರುಗಾಟಕ್ಕೆ ಇನ್ನೊಂದು ಮೇಳ ಸೇರಬಹುದು. ಭಾಗವತರು ಬದಲಾಗುತ್ತಾರೆ, ಮದ್ದಳೆಯವರು ಬದಲಾಗುತ್ತಾರೆ. ಆಟಗಾರರ ಹರಾಜನ್ನು ಕಂಡು ಮೂಗು ಮುರಿಯುವ ನಾವು, ಪತ್ತನಾಜೆ ಕಳೆಯುತ್ತಲೇ ಯಾರು ಯಾವ ಮೇಳಕ್ಕೆ ಎಂಬ ಸುದ್ದಿಗೆ ಕಿವಿ ನೆಟ್ಟುಕೊಂಡು ಕುಳಿತವರೇ ಅಲ್ಲವೆ? ಆದರೂ ಕಟೀಲು ಮೇಳ ಕಟೀಲು ಮೇಳವೇ. ಕಲಾವಿದರು ಬೇರೆಯಾದರೆಂದು ಯಾರೂ ತಮ್ಮ ಹರಕೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಯಾಕೆ? ದೇವರ ಹೆಸರಿದೆ ಎನ್ನುವಿರಿ. ಅದು ನಿಜ; ಆದರೆ ಅದೊಂದೇ ಅಲ್ಲ. ಹರಕೆಯಾಟಕ್ಕೆ ಹೆಸರು ಕೊಟ್ಟವನು ವರ್ಷಗಟ್ಟಲೆ ಕಾಯುತ್ತಾನೆ. ಸರದಿ ಬಂದಾಗ ಗದ್ದೆ ಹದಮಾಡಿ, ಊರಿಗೆಲ್ಲ ಹೇಳಿಕಳುಹಿಸಿ, ಬಂದವರಿಗೆ ಊಟ ಹಾಕಿ, ರಾತ್ರಿ ಎಚ್ಚರ ಕುಳಿತುಕೊಳ್ಳುತ್ತಾನೆ. ಮೇಳವೂ ಅವನ ಗದ್ದೆಗೆ ಬರುತ್ತದೆ. ಅವನು ಕೊಟ್ಟದ್ದುಂಟು, ಮೇಳ ಬಂದದ್ದುಂಟು. ಈ ಎರಡರಿಂದ ಹುಟ್ಟಿದ ಋಣವೇ ‘ನಮ’ ಎಂಬ ಮಾತಿಗೆ ಅಡಿಗಲ್ಲು. ದೇವರ ಹೆಸರಿನ ಬಲವಿಲ್ಲದೆ ಟಿಕೇಟು ಮಾರಿ ಆಡಿದ ಡೇರೆ ಮೇಳಗಳಿಗೂ ಈ ಋಣ ಇತ್ತು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ವೇಷ ಕಟ್ಟಿದ ಸುರತ್ಕಲ್ ಮೇಳ ಇಂದು ಇಲ್ಲ. ಅದರ ಮಾತು ಬಂದರೆ ಹಿರಿಯರು ಈಗಲೂ ‘ನಮ್ಮ ಸುರತ್ಕಲ್ ಮೇಳ’ ಎನ್ನುತ್ತಾರೆ. ಚಳಿಯಲ್ಲಿ ಕಂಬಳಿ ಹೊದ್ದು ಬೆಳಗಿನ ತನಕ ಕುಳಿತವರಿಗೆ ಆ ಹಕ್ಕು ಉಂಟು.

ಆದರೆ ತಂಡ ನಮ್ಮ ಗದ್ದೆಗೆ ಬಂದಿಲ್ಲವಲ್ಲ ಎಂಬ ಆಕ್ಷೇಪ ಹಾಗೆಯೇ ಉಳಿಯುತ್ತದೆ. ಬಾರದೆ ಇರುವ ತಂಡಕ್ಕೆ ಊರಿನ ಹೆಸರನ್ನು ಬಳಸುವ ಅಧಿಕಾರ ಕೊಟ್ಟವರು ಯಾರು? ನಗರಸಭೆಯನ್ನು ಕೇಳಿದರೆ? ಬಂದರಿನವರನ್ನು ಕೇಳಿದರೆ? ಅಂಗಿಯ ಮೇಲೆ ‘ಮಂಗಳೂರು’ ಎಂದು ಬರೆಯಿಸುವಾಗ ನಮ್ಮ ಅಪ್ಪಣೆ ಬೇಕಾಗಲಿಲ್ಲ. ಹೆಸರು ಊರಿನ ಸೊತ್ತು; ಲಾಭ ಮಾಲೀಕನ ಸೊತ್ತು. ಇದು ನ್ಯಾಯವೆ?

ಇದೇ ಪ್ರಶ್ನೆಯನ್ನು ಲಂಡನ್ನಿನ ದಕ್ಷಿಣಕ್ಕಿರುವ ವಿಂಬಲ್ಡನ್ನಿನ ಜನ ಕೇಳಿದರು. ಅಲ್ಲಿನ ಕಾಲ್ಚೆಂಡಿನ ತಂಡ ೧೯೮೮ರಲ್ಲಿ ಲಿವರ್‌ಪೂಲಿನಂಥ ಬಲಾಢ್ಯರನ್ನು ಸೋಲಿಸಿ ಇಂಗ್ಲೆಂಡಿನ ಎಫ್.ಎ. ಕಪ್ಪನ್ನು ಗೆದ್ದಿತ್ತು. ೨೦೦೨ರಲ್ಲಿ ಅದರ ಮಾಲೀಕರಿಗೆ ತಂಡವನ್ನು ಮಿಲ್ಟನ್ ಕೀನ್ಸ್ ಎಂಬ ದೂರದ ಹೊಸ ನಗರಕ್ಕೆ ಒಯ್ಯಲು ಅನುಮತಿ ಸಿಕ್ಕಿತು. ಊರಿನವರು ಬೈದುಕೊಂಡು ಸುಮ್ಮನಾಗಲಿಲ್ಲ. ಅದೇ ವರ್ಷ ತಾವೇ ಹೊಸ ತಂಡವೊಂದನ್ನು ಕಟ್ಟಿ, ಬಹಳ ಕೆಳಗಿನ ಮೆಟ್ಟಲುಗಳಲ್ಲಿ ಆಡಲು ಶುರುಮಾಡಿದರು. ಒಯ್ದ ತಂಡದಲ್ಲಿ ಹಳೆಯ ಆಟಗಾರರಿದ್ದರು, ಹಳೆಯ ಕಾಗದಪತ್ರಗಳಿದ್ದವು, ಕಾನೂನಿನ ಪ್ರಕಾರ ಅದೇ ಹಳೆಯ ತಂಡ. ಹೊಸ ತಂಡದಲ್ಲಿ ಇದ್ದದ್ದು ನೋಡುವವರು ಮಾತ್ರ. ೨೦೦೭ರಲ್ಲಿ ಮಿಲ್ಟನ್ ಕೀನ್ಸಿನವರು ಹಳೆಯ ಗೆಲುವುಗಳ ಹಕ್ಕನ್ನು ಬಿಟ್ಟುಕೊಟ್ಟು, ಆ ಸ್ಮರಣಿಕೆಗಳನ್ನು ವಿಂಬಲ್ಡನ್ ಸೇರಿರುವ ಮರ್ಟನ್ ಪುರಸಭೆಗೆ ಒಪ್ಪಿಸಿದರು. ಆಟಗಾರರು ಹೋದರು, ಚರಿತ್ರೆ ನೋಡುವವರ ಬಳಿ ಉಳಿಯಿತು. ಮೊದಲ ತಂಡಕ್ಕೆ ಹೇಳಲು ‘ಎಂಕುಳು’ ಮಾತ್ರ ಇತ್ತು, ‘ನಮ’ ಇರಲಿಲ್ಲ ಎಂದು ಭಾವನವರು ತೀರ್ಪು ಕೊಡುತ್ತಿದ್ದರೋ ಏನೋ!

ಇನ್ನೂ ಸಣ್ಣ ಉದಾಹರಣೆ ಬೇಕಿದ್ದರೆ ಅಮೆರಿಕದ ಬೇಸ್‌ಬಾಲ್ ಆಟ ಉಂಟು. ಅಲ್ಲಿ ಮಹಾನಗರಗಳ ದೊಡ್ಡ ತಂಡಗಳ ಕೈಕೆಳಗೆ ಸಣ್ಣ ಊರುಗಳ ತಂಡಗಳಿವೆ. ಸಣ್ಣ ತಂಡದಲ್ಲಿ ಯಾರಾದರೂ ಚೆನ್ನಾಗಿ ಆಡಿದರೆ ಋತುವಿನ ನಡುವೆಯೇ ಅವನನ್ನು ಮೇಲಿನವರು ಕರೆಸಿಕೊಳ್ಳುತ್ತಾರೆ. ಊರಿನವರಿಗೆ ಅದು ಗೊತ್ತು. ಬಾಡಿಗೆ ಮನೆಯ ಅಂಗಳದಲ್ಲಿ ತೆಂಗಿನ ಸಸಿ ನೆಟ್ಟವರಂತೆ, ಕಾಯಿ ತಮಗಲ್ಲವೆಂದು ತಿಳಿದೇ ನೀರೆರೆಯುತ್ತಾರೆ. ಆದರೆ ೨೦೨೧ರ ಋತುವಿಗೆ ಮುನ್ನ ಮೇಲಿನವರು ಲೆಕ್ಕ ಹಾಕಿ, ತಮ್ಮ ಅಂಗವೆಂದು ಒಪ್ಪಿಕೊಂಡಿದ್ದ ೧೬೦ ಸಣ್ಣ ತಂಡಗಳನ್ನು ೧೨೦ಕ್ಕೆ ಇಳಿಸಿದರು. ನಲವತ್ತರಷ್ಟು ಊರುಗಳು ಎಲ್ಲೋ ಒಂದು ಮೇಜಿನ ಮೇಲೆ ಆದ ತೀರ್ಮಾನದಿಂದ ತಮ್ಮ ಸ್ಥಾನವನ್ನು ಕಳೆದುಕೊಂಡವು. ೨೦೧೮ರ ಪಟ್ಟಿಯಲ್ಲಿ ಮಂಗಳೂರಿಲ್ಲದಾಗ ನಮಗೆ ನೋವಾಗಲಿಲ್ಲವೆಂದೆನಲ್ಲ, ಅದು ಅವರಿಗೂ ನಮಗೂ ಇರುವ ಅಂತರ. ಅವರು ನೀರೆರೆದಿದ್ದರು.

ಈಗ ೨೦೧೯ರ ಕತ್ತಲೆಯ ಮಾತು. ಆ ವರ್ಷದ ಪಂದ್ಯಗಳಲ್ಲಿ ಬಾಜಿಗಾರರೊಡನೆ ಸೇರಿ ಬೇಕೆಂದೇ ನಿಧಾನವಾಗಿ ಆಡಿದರೆಂಬ ಆರೋಪದ ಮೇಲೆ ಬೆಂಗಳೂರಿನ ಪೊಲೀಸರು ಕೆಲವು ಆಟಗಾರರನ್ನೂ ಒಂದು ತಂಡದ ಮಾಲೀಕರನ್ನೂ ಬಂಧಿಸಿದರು. ಮಂಗಳೂರು ಆ ವರ್ಷ ಆಡುತ್ತಿರಲಿಲ್ಲ. ಆದುದರಿಂದ ನಮ್ಮ ಹೆಸರಿಗೆ ಕಳಂಕ ಬರಲಿಲ್ಲ. ಅದು ನಮ್ಮ ಪುಣ್ಯವೇ ಹೊರತು ಗುಣವಲ್ಲ. ಮೊಕದ್ದಮೆ ಹೈಕೋರ್ಟಿಗೆ ಹೋಯಿತು. ೨೦೨೨ರ ಜನವರಿಯಲ್ಲಿ ನ್ಯಾಯಾಲಯ ಹೇಳಿದ್ದರ ಸಾರ ಇಷ್ಟು: ಪಂದ್ಯವನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು ಅಪ್ರಾಮಾಣಿಕತೆ, ಅಶಿಸ್ತು, ಅದಕ್ಕೆ ಕ್ರಿಕೆಟ್ ಮಂಡಳಿ ಶಿಕ್ಷೆ ವಿಧಿಸಬಹುದು. ಆದರೆ ದಂಡಸಂಹಿತೆಯ ೪೨೦ನೆಯ ಕಲಮಿನ ಪ್ರಕಾರ ವಂಚನೆಯಾಗಬೇಕಾದರೆ ವಂಚಿತನನ್ನು ಮೋಸದಿಂದ ಪ್ರೇರೇಪಿಸಿ ಅವನು ಸೊತ್ತನ್ನು ಒಪ್ಪಿಸುವಂತೆ ಮಾಡಿರಬೇಕು. ಟಿಕೇಟು ಕೊಂಡವನು ಸ್ವಇಚ್ಛೆಯಿಂದ ಕೊಂಡಿದ್ದಾನೆ. ಹೀಗಾಗಿ ಆ ಆರೋಪ ನಿಲ್ಲಲಿಲ್ಲ.

ಕಾನೂನಿನ ದೃಷ್ಟಿಯಿಂದ ಈ ಮಾತು ಸರಿಯಿರಬಹುದು. ಅದನ್ನು ತೂಗುವ ಯೋಗ್ಯತೆ ನನಗಿಲ್ಲ. ಆದರೆ ನೀತಿಯ ದೃಷ್ಟಿಯಿಂದ ಒಂದು ಪ್ರಶ್ನೆ ಬಾಕಿಯಿದೆ. ಕಳೆದುಹೋದದ್ದು ಟಿಕೇಟಿನ ಹಣವಲ್ಲವೆಂದಾದರೆ, ನೋಡುವವನು ಕಳೆದುಕೊಂಡದ್ದು ಏನು? ಏನೂ ಇಲ್ಲವೆನ್ನಲು ನಾಲಗೆ ಬರುವುದಿಲ್ಲ. ಉಗುರು ಕಚ್ಚುತ್ತ ಕೊನೆಯ ಓವರನ್ನು ನೋಡಿದ ಒಬ್ಬ ಹುಡುಗ, ಆ ಓವರು ಮೊದಲೇ ಮಾರಾಟವಾಗಿತ್ತೆಂದು ಮರುತಿಂಗಳು ಪತ್ರಿಕೆಯಲ್ಲಿ ಓದುತ್ತಾನೆ. ಅವನ ಕಿಸೆಯಿಂದ ಯಾರೂ ದುಡ್ಡು ತೆಗೆಯಲಿಲ್ಲ. ಆದರೆ ಅವನು ‘ನಮ’ ಎಂದುಕೊಂಡಿದ್ದಾಗ ಅಂಗಣದಲ್ಲಿ ಇದ್ದವರು ‘ಎಂಕುಳು’ ಎಂದುಕೊಂಡಿದ್ದರು. ಅವನ ವಿಶ್ವಾಸವನ್ನು ಅವನಿಗೆ ತಿಳಿಸದೆ ಖರ್ಚುಮಾಡಿದರು. ಯಾವ ಕಲಮಿಗೂ ಒಳಪಡದ ಈ ನಷ್ಟ ನಷ್ಟವೇ. ಅದನ್ನು ಒಪ್ಪಿಕೊಂಡರೆ ಇನ್ನೊಂದನ್ನೂ ಒಪ್ಪಿಕೊಂಡಂತೆ: ಕಳೆದುಕೊಳ್ಳಲು ಏನೋ ಒಂದು ಅವನಲ್ಲಿ ಇತ್ತು. ಎಂದರೆ, ನೋಡುವವನ ‘ನಾವು’ ಬರಿಯ ಭ್ರಮೆಯಲ್ಲ. ಭಾವನವರ ನಗೆಗೆ ಇದು ನನ್ನ ಮೊದಲನೆಯ ಉತ್ತರ.

ಹಾಗೆಂದು ಆ ‘ನಾವು’ ಎಂದೆಂದೂ ಒಳ್ಳೆಯದೆಂದು ಹೇಳಲಾರೆ. ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲಲ್ಲಿ, ಐ.ಪಿ.ಎಲ್. ಗೆದ್ದ ತಂಡವನ್ನು ಕಾಣಲು ನೆರೆದ ಜನಸಂದಣಿಯ ನೂಕುನುಗ್ಗಲಿಗೆ ಸಿಕ್ಕಿ ೧೧ ಮಂದಿ ಸತ್ತರು. ‘ನಾವು ಗೆದ್ದೆವು’ ಎಂದು ಹೊರಟವರು ಸಂಜೆ ಮನೆಗೆ ಮರಳಲಿಲ್ಲ. ಮಹಾರಾಜ ಟ್ರೋಫಿಯನ್ನು ಮೈಸೂರಿಗೆ ಒಯ್ದು, ನೋಡುವವರಿಗೆ ಬಾಗಿಲು ಮುಚ್ಚಿ ಆಡಿಸುವ ತೀರ್ಮಾನ ಬಂದದ್ದು ಇದರ ಬೆನ್ನಿಗೇ. ಆ ದಿನದ ವ್ಯವಸ್ಥೆಯ ತಪ್ಪು ಯಾರದೆಂಬುದನ್ನು ವಿಚಾರಿಸುವವರು ವಿಚಾರಿಸಲಿ. ನನಗೆ ತೋಚುವುದು ಬೇರೊಂದು ಮಾತು. ಗೆದ್ದ ದಿನ ‘ನಾವು’ ಎನ್ನಲು ಲಕ್ಷ ಜನ ಬರುತ್ತಾರೆ. ಆ ಲಕ್ಷದಲ್ಲಿ ಪಕ್ಕದಲ್ಲಿ ನಿಂತವನು ಬಿದ್ದಾಗ ಅವನೂ ‘ನಮ’ದೊಳಗಿನವನೇ ಎಂದು ನೆನಪಾಗುವುದು ಕಷ್ಟ. ಗೆಲುವಿನ ಬಿಸಿಯಲ್ಲಿ ಒಂದಾದ ಗುಂಪಿಗೆ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ. ಸೋಲಿನಲ್ಲಿ ಉಳಿದ ಹತ್ತು ಜನಕ್ಕೆ ಗೊತ್ತಿರುತ್ತದೆ.

ಗೆಲುವನ್ನು ಮಾತ್ರ ನಮ್ಮದೆನ್ನುವ ಅಭ್ಯಾಸ ಈ ಊರಿಗೂ ಉಂಟು. ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ರಣಜಿ ಪಂದ್ಯವೊಂದನ್ನೂ ಆಡುವ ಮೊದಲೇ ೧೯೬೦ರಲ್ಲಿ ಆಸ್ಟ್ರೇಲಿಯದ ವಿರುದ್ಧ ಭಾರತದ ಪರವಾಗಿ ಟೆಸ್ಟ್ ಆಡಿದರು. ೧೯೬೪ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡಿನ ವಿರುದ್ಧ ೧೯೨ ಓಟ ಹೊಡೆದರು. ‘ನಮ್ಮ ಕುಂದರನ್’ ಎನ್ನುತ್ತೇವೆ. ಅವರು ಮೊದಲು ಆಡಿದ್ದು ರೈಲ್ವೆ ತಂಡಕ್ಕೆ. ಕೊನೆಗಾಲವನ್ನು ಕಳೆದದ್ದು ಸ್ಕಾಟ್ಲೆಂಡಿನಲ್ಲಿ. ಸುರತ್ಕಲ್ಲಿನಲ್ಲಿ ಬೆಳೆದ ಕೆ. ಎಲ್. ರಾಹುಲ್ ಪಂಜಾಬಿಗೆ ಆಡಿದರೂ ನಮ್ಮವರೆ, ಲಖನೌಗೆ ಆಡಿದರೂ ನಮ್ಮವರೆ, ದೆಹಲಿಗೆ ಆಡಿದರೂ ನಮ್ಮವರೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಸೋಜಿಗ ನೋಡಿ. ನಮ್ಮ ಊರಿನ ಹುಡುಗ ಪರವೂರಿನ ಅಂಗಿ ತೊಟ್ಟರೆ ನಮ್ಮವನು. ಪರವೂರಿನ ಹುಡುಗ ನಮ್ಮ ಊರಿನ ಅಂಗಿ ತೊಟ್ಟರೆ ಹರಾಜಿನವನು! ಅವನು ಗೆದ್ದ ರಾತ್ರಿ ಮಾತ್ರ ಅವನೂ ನಮ್ಮವನು. ಈ ತಕ್ಕಡಿಯಲ್ಲಿ ಎರಡು ತಟ್ಟೆಯೂ ನಮ್ಮ ಕಡೆಗೇ ವಾಲಿವೆ. ಅವನು ನಮ್ಮ ಹೆಸರು ಹೊತ್ತು ಬಿಸಿಲಲ್ಲಿ ಬೆವರಿದ ಋಣವನ್ನು ಯಾವ ತಟ್ಟೆಗೆ ಹಾಕೋಣ?

ಮರುವಾರ ಅಕ್ಕನ ಮನೆಗೆ ಹೋಗಿದ್ದೆ. ಹುಡುಗ ಶಾಲೆಯಿಂದ ಬಂದಿರಲಿಲ್ಲ. ಅಕ್ಕ ಚಹಾ ತರುವ ತನಕ ಮೇಜಿನ ಮೇಲಿದ್ದ ಒಂದು ನೋಟ್ ಪುಸ್ತಕವನ್ನು ಸುಮ್ಮನೆ ತೆರೆದೆ. ಒಳಗಿದ್ದದ್ದು ಗಣಿತವಲ್ಲ, ಮಂಗಳೂರು ತಂಡ. ಮೊದಲ ಪುಟದಲ್ಲಿ ೨೦೨೨ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಆಗ ಅವನಿಗೆ ಹನ್ನೊಂದು ವರ್ಷ. ಅಕ್ಷರ ದೊಡ್ಡದು, ಸಾಲು ಓರೆ. ಪಂದ್ಯ ಪಂದ್ಯಕ್ಕೂ ದಿನಾಂಕ, ಎದುರಾಳಿ, ಓಟ, ಕೊನೆಯಲ್ಲಿ ‘ಗೆ’ ಅಥವಾ ‘ಸೋ’. ೨೦೨೩ರ ಪುಟದಲ್ಲಿ ರೂಢಿಯಿಂದ ‘ಯುನೈಟೆಡ್’ ಎಂದು ಬರೆದು, ಹೊಡೆದುಹಾಕಿ, ಮೇಲೆ ‘ಡ್ರಾಗನ್ಸ್’ ಎಂದು ತಿದ್ದಿದ್ದ. ನಾಗಸೇನನ ರಥದ ವಿಚಾರ ಅವನಿಗೆ ಒಂದು ಗೆರೆಯಲ್ಲಿ ಮುಗಿದಿತ್ತು. ೨೦೨೪ರ ಕೊನೆಗೆ ಫೈನಲಿಗೆ ಹೋದ ಎರಡು ಊರುಗಳ ಹೆಸರನ್ನು ಅಂದವಾಗಿ ಬರೆದು, ಕೆಳಗೆ ಸಣ್ಣದಾಗಿ ‘ಬರುವ ವರ್ಷ ನೋಡುವ’ ಎಂದು ಬರೆದಿದ್ದ. ‘ಸೋ’ ಎಂಬ ಅಕ್ಷರ ಒಂದೆಡೆಯೂ ‘ಗೆ’ಗಿಂತ ಸಣ್ಣದಾಗಿರಲಿಲ್ಲ.

ಪುಸ್ತಕವನ್ನು ಇದ್ದಲ್ಲೇ ಇಟ್ಟೆ. ನನಗೆ ನಾಚಿಕೆಯಾಯಿತು. ಚೌತಿಯ ಮರುದಿನ ನಾನು ನಕ್ಕದ್ದು ಇವನನ್ನು ನೋಡಿ. ತಂಡ ಪಟ್ಟಿಯಿಂದ ಅಳಿಸಿಹೋದದ್ದು ನನಗೆ ತಿಳಿದಿರಲಿಲ್ಲ, 'ಡ್ರಾಗನ್ಸ್' ಎಂಬ ಹೆಸರನ್ನು ನಾನು ಕೇಳಿದ್ದೇ ಆ ದಿನ. ಆದರೂ ಮರುದಿನ ಬೆಳಿಗ್ಗೆ ಪಕ್ಕದ ಮನೆಯವರೊಡನೆ, “ಕಂಡಿರಾ, ನಾವು ಗೆದ್ದೆವಂತೆ” ಎಂದವನು ನಾನೇ. ಹಾಗೆನ್ನುವ ಹಕ್ಕು ನನಗಿರಲಿಲ್ಲ. ಅವನಿಗಿತ್ತು.

ಇಷ್ಟು ತಿರುಗಿದ ಮೇಲೆ ನನಗೆ ತೋರುವ ಉತ್ತರ ಇದು. ತಂಡ ನಮ್ಮದೋ ಅಲ್ಲವೋ ಎಂಬುದು ಆಟಗಾರ ಹುಟ್ಟಿದ ಊರನ್ನೋ ಮಾಲೀಕನ ಕಾಗದವನ್ನೋ ನೋಡಿ ಹೇಳುವ ಸಂಗತಿಯಲ್ಲ. ‘ನಮ’ ಎಂಬುದು ಎರಡೂ ಕಡೆಯವರು ಹೊರಬೇಕಾದ ಒಂದು ಸಾಲ. ನೋಡುವವನು ಸೋಲಿನ ಪಾಲನ್ನು ಹೊತ್ತು ತನ್ನ ಕಂತನ್ನು ಕಟ್ಟುತ್ತಾನೆ. ನಮ್ಮ ಹುಡುಗ ನಾಲ್ಕು ವರ್ಷದಿಂದ ಕಟ್ಟಿದ್ದಾನೆ. ಆ ಕಡೆಯವರ ಕಂತು ಇನ್ನೂ ಬಾಕಿಯಿದೆ: ಪ್ರಾಮಾಣಿಕವಾಗಿ ಆಡುವುದು ಒಂದು, ಹೆಸರು ಹೊತ್ತ ಊರಿಗೆ ಬಂದು ಮುಖ ತೋರಿಸುವುದು ಇನ್ನೊಂದು. ಒಳ್ಳೆಯ ಅಂಗಣ ಬೇಕು, ಖರ್ಚಿದೆ, ಕರಾವಳಿಯ ಆಗಸ್ಟಿನ ಮಳೆಯಿದೆ ಎಂಬ ಕಾರಣಗಳನ್ನು ಬಲ್ಲೆ. ಅವು ಸುಳ್ಳಲ್ಲ. ಆದರೆ ತೀರಿಸಲು ಕಷ್ಟವೆಂದ ಮಾತ್ರಕ್ಕೆ ಸಾಲ ಇಲ್ಲವೆಂದಾಗುವುದಿಲ್ಲ. ಊರಿನ ಹೆಸರನ್ನು ಎರವಲು ಪಡೆದವರು ಅಷ್ಟನ್ನಾದರೂ ನೆನಪಿಟ್ಟುಕೊಳ್ಳಬೇಕು.

ಈ ವಾದವನ್ನೆಲ್ಲ ಭಾವನವರ ಮುಂದಿಟ್ಟೆ. ಅವರು ಕೇಳಿದರು, ಒಪ್ಪಿದೆನೆನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಮೊಮ್ಮಗನನ್ನು ಕರೆದರು. “ಬರುವ ವರ್ಷ ಸೋತರೂ ನನಗೆ ಹೇಳು ಮಗಾ,” ಎಂದರು. “ಗೆದ್ದದ್ದನ್ನು ಮಾತ್ರ ಹೇಳಿದರೆ ನನಗೆ ಲೆಕ್ಕ ಸಿಕ್ಕುವುದಿಲ್ಲ.”

ಹುಡುಗ ಒಳಗೆ ಹೋಗಿ ಪುಸ್ತಕ ತಂದು ಅಜ್ಜನ ತೊಡೆಯ ಮೇಲೆ ಇಟ್ಟ. ಭಾವನವರು ಕನ್ನಡಕ ಏರಿಸಿಕೊಂಡು ೨೦೨೨ರ ಪುಟದಿಂದ ಓದತೊಡಗಿದರು.